ಅತ್ತೆಯ ಹೆಸರಿನ ಒತ್ತುಗಳು

ಹೇಳಿಕೊಳ್ಳಲು ಈಗಲೂ ನಾಚಿಕೆ. ನನಗೆ ಕನ್ನಡ ಅಕ್ಷರ ಕಲಿಸಿದವರು ನನ್ನ ಅತ್ತೆ. ಕಾನ್ವೆಂಟಿನ ಸಿಸ್ಟರ್‌ಗಳು ಗ್ರಾಮರ್, ಎಂಬ್ರಾಯ್ಡರಿ, ಟೇಬಲ್ ಮ್ಯಾನರ್ಸ್ ಎಲ್ಲ ಕಲಿಸಿ ಕಳಿಸಿದ್ದರು. ಮದುವೆಯಾಗಿ ತಮಿಳು ಸೀಮೆಯ ವೆಸ್ಟ್ ಮಾಂಬಲಂಗೆ ಬಂದು ದಿನಸಿ ಪಟ್ಟಿ ಬರೆಯಲು ಕೂತಾಗ ಗುಟ್ಟು ಬಯಲಾಯಿತು. ಅತ್ತೆ ಯಾರಿಗೂ ಹೇಳಲಿಲ್ಲ. ಮಧ್ಯಾಹ್ನ ಅಡುಗೆಮನೆಯ ಬಾಗಿಲು ಮುಂದೆ ಮಾಡಿ, ಅಕ್ಕಿ ಆರಿಸುವ ಮೊರದಲ್ಲೇ ಬೆರಳು ಹಿಡಿದು ಬರೆಸಿದರು.

ಆ ಲಕ್ಷ್ಮಮ್ಮನವರಿಗೆ ಈಗ ತೊಂಬತ್ತು ತುಂಬುತ್ತದೆ. ಕಣ್ಣು ಮಂಜು. ಆದರೂ, “ನನ್ನ ಹುಟ್ಟುಹಬ್ಬಕ್ಕೆ ಕರೆಯೋ ಕಾರ್ಡು ನಾನೇ ಓದ್ಬೇಕು ಕಣೆ. ಯಾರೂ ಓದಿ ಹೇಳೋದು ಬೇಡ” ಎಂದು ಹಟ. ಅಂದರೆ ಅಕ್ಷರ ದೊಡ್ಡದಾಗಿರಬೇಕು. ಡಿಸೈನ್ ನಾನೇ ಮಾಡುತ್ತೇನೆಂದು ಘೋಷಿಸಿಬಿಟ್ಟೆ.

ಮೊದಲು ಹಿಡಿದದ್ದು ಫೋಟೋ ತಿದ್ದುವ ಸಾಫ್ಟ್‌ವೇರ್. ಅತ್ತೆಯ ಫೋಟೋ ಎಷ್ಟು ಲವ್ಲೀ ಆಗಿ ಬಂತು! ಅಕ್ಷರ ಹಿಗ್ಗಿಸಿದೆ ನೋಡಿ, ಬಿಸಿ ಅನ್ನದ ಮೇಲಿನ ತುಪ್ಪದ ಹಾಗೆ ಅಂಚೆಲ್ಲ ಹರಡಿಕೊಂಡಿತು. ಮೊಮ್ಮಗಳು ನಿತ್ಯಾ ನನ್ನ ಕನ್ನಡಕ್ಕೆ ತಮಿಳಿನಲ್ಲೇ ಉತ್ತರಿಸುವವಳು. “ಅಜ್ಜಿ, ಅದು ಫೋಟೋವುಕ್ಕು. ಲೆಟರ್ಸುಕ್ಕು ವೇರೆ ಇರುಕ್ಕು” ಎಂದು ಬೇರೊಂದನ್ನು ತೆರೆದುಕೊಟ್ಟಳು. ಅದರಲ್ಲಿ ಎಷ್ಟು ಹಿಗ್ಗಿಸಿದರೂ ಅಂಚು ಚೊಕ್ಕ. ಆದರೆ ಅತ್ತೆಯ ಹೆಸರು “ಲಕ್‌ಷ್‌ಮಮ್‌ಮ” ಆಯಿತು! ಇಷ್ಟು ಕಾಲ ಒಂದರ ಕೆಳಗೊಂದು ಆತುಕೊಂಡಿದ್ದ ಒತ್ತುಗಳೆಲ್ಲ ಮುನಿಸಿಕೊಂಡು ಬೇರೆ ಮನೆ ಮಾಡಿದಂತಿತ್ತು.

“ಯಾರು ಅಜ್ಜಿ ನೋಟಿಸ್ ಪಣ್ಣುವಾ?” ಇದನ್ನೆಲ್ಲ ಯಾರು ಗಮನಿಸುತ್ತಾರೆಂದು ನಿತ್ಯಾಳ ಪ್ರಶ್ನೆ.

“ನಿನ್ನ ಮುತ್ತಜ್ಜಿ ಪಣ್ಣುವಾ!”

ಕೊನೆಗೆ ಸಿಕ್ಕಿದ್ದು ತೀರಾ ಸಾದಾ ಒಂದು ಸಾಫ್ಟ್‌ವೇರ್. ಹೊಳಪಿಲ್ಲ, ರೆಡಿಮೇಡ್ ಗುಲಾಬಿಗಳಿಲ್ಲ. ಆದರೆ “ಕ್ಷ್ಮ” ಟೈಪಿಸಿದೊಡನೆ ಮೂರೂ ಅಕ್ಷರ ಒಂದೇ ಜಮಖಾನದ ಮೇಲೆ ಕೂತ ಅಕ್ಕತಂಗಿಯರ ಹಾಗೆ ಒತ್ತಿಕೊಂಡು ಕೂತವು. ನನಗೆ ಅಷ್ಟು ಸಾಕಾಗಿತ್ತು. ಸ್ಟೇಷನ್ ಪಕ್ಕದ ಅಂಗಡಿಯಲ್ಲಿ ಒಂದು ಸ್ಯಾಂಪಲ್ ಪ್ರಿಂಟ್ ಹಾಕಿಸಿ ತಂದೆ.

ಅತ್ತೆ ಭೂತಗನ್ನಡಿ ಹಿಡಿದರು. ಬೆರಳಿಟ್ಟು ತಮ್ಮ ಹೆಸರು ಓದಿದರು. ಮತ್ತೊಮ್ಮೆ, ಸ್ವಲ್ಪ ಗಟ್ಟಿಯಾಗಿ ಓದಿದರು. ನನ್ನ ಕಣ್ಣೂ ಮಂಜಾಯಿತು. ಬೆರಳು ಕೆಳಗಿಳಿದು “ಹಾರ್ಧಿಕ ಸ್ವಾಗತ”ದ ಮೇಲೆ ನಿಂತಿತು.

“ಈ ದಕಾರದ ಹೊಟ್ಟೆ ಸೀಳಿದ್ದು ಯಾರೇ?”

“ಈ ಸಾಫ್ಟ್‌ವೇರೇ ಹೀಗೆ ಅತ್ತೆ...”

“ಸಾಫ್ಟ್‌ವೇರ್ ಇಲ್ಲೆ ಅಜ್ಜಿ, ನೀಂಗದಾನ್ ಟೈಪ್ ಪಣ್ಣಿನೀಂಗ!” ಟೈಪಿಸಿದ್ದು ನಾನೇ ಎಂದು ನಿತ್ಯಾ ಬಿದ್ದು ಬಿದ್ದು ನಕ್ಕಳು.

“ಹಾರ್ದಿಕ ಅಂತ ಹತ್ತು ಸಲ ಬರಿ. ಆಮೇಲೆ ಪ್ರಿಂಟು” ಎಂದರು ಅತ್ತೆ.

ಎಪ್ಪತ್ತರ ನಾನು ಊಟದ ಮೇಜಿನ ಮುಂದೆ ಕೂತು ಬರೆದೆ. ಏಳನೆಯ ಸಲಕ್ಕೆ ಮತ್ತೆ ಹೊಟ್ಟೆ ಸೀಳಿದ್ದೆ.