ಬಾನೆಟ್ ಪಕ್ಕದ ಸೀಟು

ನಾನು ಖಾಸಗಿ ಬಸ್ಸಿನ ಕಂಡಕ್ಟರನಾಗಿದ್ದಷ್ಟು ಕಾಲ ದಿನಕ್ಕೊಂದು ತಮಾಷೆ ತಪ್ಪಿದ್ದಲ್ಲ. ಅದರಲ್ಲೂ ಮೊಣಕಾಲು ನೋವಿನವರದ್ದೇ ಹೆಚ್ಚು. ಎಪ್ಪತ್ತರ ದಶಕದ ಕೊನೆ ಅದು. ನಮ್ಮ ಚನ್ನಗಿರಿ-ಹೊನ್ನಾಳಿ ಬಸ್ಸಿನಲ್ಲಿ ಡ್ರೈವರ್ ಪಕ್ಕಕ್ಕೇ ಎಂಜಿನ್ ಬಾನೆಟ್ ಇತ್ತು. ಅದರ ಬಿಸಿಗೆ ಕಾಲು ಒಡ್ಡಿ ಕೂತರೆ ನೋವು ಇಳಿಯುತ್ತದೆಂದು ಎಲ್ಲರ ನಂಬಿಕೆ. ಯಾರಿಗೆ ನೋವು ಹೆಚ್ಚೋ ಅವರಿಗೆ ಆ ಸೀಟು. ತೀರ್ಪು ನನ್ನದು. ದಿನವಿಡೀ ನಿಂತು ನನ್ನ ಮೊಣಕಾಲೂ ಊದಿಕೊಳ್ಳುತ್ತಿತ್ತು, ಆದರೆ ಕಂಡಕ್ಟರನ ಕಾಲು ಯಾರ ಲೆಕ್ಕಕ್ಕೂ ಇಲ್ಲ. ಒಮ್ಮೆಯಾದರೂ ಅಲ್ಲಿ ಕೂರಬೇಕೆಂದು ಆಸೆಪಡುತ್ತ, ಕೂತವರನ್ನು ಕಂಡು ಹೊಟ್ಟೆ ಉರಿದುಕೊಳ್ಳುತ್ತಿದ್ದೆ.

ಯಾರ ಕಾಲು ಮೇಲು

ಆ ಸೀಟಿಗೆ ಪೈಪೋಟಿ ಬಸವಾಪಟ್ಟಣದ ಇಬ್ಬರ ನಡುವೆ: ಅಡಿಕೆ ವ್ಯಾಪಾರದ ಯಜಮಾನರು, ದರ್ಜಿ ಸಾಹೇಬರು. ನೋವು ಸೊಂಟಕ್ಕೇರುತ್ತಿದೆ, ಇನ್ನು ಹಾಸಿಗೆ ಹಿಡಿಯುವುದೊಂದೇ ಬಾಕಿ ಎಂದು ಯಜಮಾನರು ಹೇಳುವರು. ಸಾಹೇಬರು ಬಿಡುವರೇ? ಮಿಷಿನ್ ತುಳಿಯುವ ಕಾಲು ಕಟ್ಟಿಗೆಯಾಗಿ ಮನೆಮಂದಿಯೆಲ್ಲ ಬೀದಿಗೆ ಬೀಳುವುದು ಖಂಡಿತ ಎನ್ನುವರು. ಹೇಳುತ್ತ ಹೇಳುತ್ತ ಇಬ್ಬರಿಗೂ ನಿಜವಾಗಿಯೇ ನೋವು ಏರುತ್ತಿತ್ತು. ನೆಟ್ಟಗೆ ಹತ್ತಿದವರು ಇಳಿಯುವಾಗ ಕುಂಟುತ್ತಿದ್ದರು. ಸೀಟು ಸಿಕ್ಕವರು ಖುಷಿಯಿಂದ, ಸಿಗದವರು ಸಿಟ್ಟಿನಿಂದ.

ಹಿಂದಿನ ಸೀಟಿನ ಅಜ್ಜಿ

ಉಬ್ರಾಣಿ ಕಡೆಯ ತಾಂಡಾದ ಅಜ್ಜಿಯೊಬ್ಬರು ಚನ್ನಗಿರಿಯಲ್ಲಿ ಹತ್ತುತ್ತಿದ್ದರು. ಮೊಣಕಾಲು ತೆಂಗಿನಕಾಯಿಯಷ್ಟು ಊದಿದ್ದರೂ ಬುಟ್ಟಿ ಹೊತ್ತು ಸೀದಾ ಹಿಂದಕ್ಕೆ ಹೋಗುವರು. ಒಂದು ದಿನ ಕನಿಕರವಾಗಿ, ಬಾನೆಟ್ ಪಕ್ಕ ಕೂರಿ ಎಂದೆ.

"ಬ್ಯಾಡಪ್ಪ. ಅಲ್ಲಿ ಬರೀ ಕಾಲುನೋವಿನ ಮಾತು. ನನ್ನ ಕಾಲು ಕೇಳಿಸ್ಕೊಂಡ್ರೆ ಕಷ್ಟ ಐತೆ."

ಆ ಸೀಟನ್ನೇ ಬೇಡ ಎನ್ನುವವರೂ ಇದ್ದಾರಲ್ಲ ಎಂದು ಅಜ್ಜಿಯ ಮೇಲೆ ಎಲ್ಲರಿಗಿಂತ ಹೆಚ್ಚು ಹೊಟ್ಟೆಕಿಚ್ಚಾಯಿತು.

ಬಸ್ಸು ನಿಂತಾಗ

ಒಮ್ಮೆ ದಾರಿಯಲ್ಲಿ ಎಂಜಿನ್ ನಿಂತಿತು. ಗಂಡಸರೆಲ್ಲ ಇಳಿದು ತಳ್ಳಿದೆವು. ಬಸ್ಸು ಗುರ್ರೆಂದು ಮುಂದಕ್ಕೆ ಹೊರಟಿದ್ದೇ, ಎಲ್ಲಿ ಇನ್ನೊಬ್ಬರು ಸೀಟು ಹಿಡಿಯುತ್ತಾರೋ ಎಂದು ಯಜಮಾನರೂ ಸಾಹೇಬರೂ ಎದ್ದೆನೋ ಬಿದ್ದೆನೋ ಎಂದು ಓಡಿದರು. ತುಸು ಮುಂದೆ ಹೋಗಿ ನಮಗಾಗಿ ನಿಂತ ಬಸ್ಸಿನ ಬಾಗಿಲ ಹತ್ತಿರ ಬಂದಾಗ ಇಬ್ಬರಿಗೂ ಮೊಣಕಾಲು ನೆನಪಾಯಿತು. ಮೊದಲು ಹತ್ತಿದವರ ನೋವು ಕಡಿಮೆ ಎಂದಾಗುತ್ತದಲ್ಲ! ನೀವು ಹತ್ತಿ, ನನ್ನ ಕೈಲಾಗದು ಎಂದು ಇಬ್ಬರೂ ಕುಂಟುತ್ತ ಉಪಚಾರಕ್ಕಿಳಿದರು.

ನಾನು ನಡುವೆ ನುಸುಳಿ ಹತ್ತಿ, ಹೋಗಿ ಆ ಸೀಟಿನಲ್ಲಿ ಕೂತುಬಿಟ್ಟೆ. ಬಿಸಿ ಹಿತವಾಗಿತ್ತು.

ಇಬ್ಬರೂ ಬಂದು ನನ್ನೆದುರು ನಿಂತು, ನಿಮಗೇನಾಗಿದೆ ಎಂದರು. ಮೊಣಕಾಲು ನೋವು ಎಂದೆ. ಅವರು ಮುಖ ಮುಖ ನೋಡಿಕೊಂಡರು. ಅಷ್ಟು ದಿನಗಳಲ್ಲಿ ಅವರಿಬ್ಬರೂ ಒಂದಾಗಿದ್ದು ಅದೇ ಮೊದಲು.

"ಅದು ನೋವಲ್ಲ ಬಿಡ್ರೀ ಕಂಡಕ್ಟ್ರೇ, ಬರೀ ಯೋಚ್ನೆ" ಎಂದರು ಯಜಮಾನರು.

ಸಾಹೇಬರು ಹೌದೆಂದು ತಲೆಯಾಡಿಸಿದರು. "ಯೋಚ್ನೆ ಮಾಡಿದಷ್ಟೂ ಜಾಸ್ತಿ ಆಗ್ತೈತ್ರೀ. ಎದ್ದು ನಾಲ್ಕು ಟಿಕೆಟ್ ಹರೀರಿ, ಎಲ್ಲ ಸರಿಹೋಗ್ತೈತೆ."