ಬಚ್ಚಲ ಗೋಡೆಯ ಸತ್ವಪರೀಕ್ಷೆ

"ಈ ಬಚ್ಚಲದಾಗ ನನಗ ಟೋಪಿ ಹಾಕೋ ಗಂಡಸು ಹಾನಗಲ್ ತಾಲೂಕಿನಾಗ ಇನ್ನೂ ಹುಟ್ಟಿಲ್ಲ!"

ಹೀಗೆಂದು ಚನ್ನವೀರಪ್ಪನವರು ಸಾರಿದ್ದು ಯಾವ ರಣರಂಗದಲ್ಲೂ ಅಲ್ಲ, ತಮ್ಮದೇ ಮನೆಯ ಹಳೇ ಬಚ್ಚಲಿನ ಗಿಲಾವು ಕೆಡವಿದ ರಾಶಿಯ ಮೇಲೆ ನಿಂತು. ಮೂವತ್ತು ವರ್ಷ ಸರಕಾರಿ ಕಚೇರಿಯಲ್ಲಿ ಊರವರ ಸಹಿ ತಾಳೆ ನೋಡಿ ನಿವೃತ್ತರಾದವರು ಅವರು. ತಮ್ಮ ಸಹಿಯನ್ನೇ ಎರಡು ಸಲ ನೋಡುವ ಮನುಷ್ಯ! ಹಾಲಿನವನು ನಕ್ಕರೆ ಹಾಲಿಗೆ ನೀರು ಬಿದ್ದಿದೆ, ನಗದಿದ್ದರೆ ಇನ್ನೂ ಹೆಚ್ಚು ಬಿದ್ದಿದೆ ಎಂಬುದು ಅವರ ಸಿದ್ಧಾಂತ.

ಬಚ್ಚಲು ಮಾತ್ರ ಅರ್ಜೆಂಟಾಗಿ ಆಗಬೇಕಿತ್ತು. ಮಗಳು ಭಾಗ್ಯಶ್ರೀಗೆ ಎಂಟು ತಿಂಗಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಆದರೆ ತಿಳವಳ್ಳಿಯ ಬೀಗತಿ ದಾನವ್ವ ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು: "ಸೋಮವಾರದೊಳಗ ಬಚ್ಚಲಾ ಆದ್ರ ಕಳಸ್ತೀವ್ರಿ. ಇಲ್ಲಂದ್ರ ಬಾಣಂತನಾ ಇಲ್ಲೇ ಮಾಡ್ತೀವಿ. ಬಾಣಂತಿನ್ನ ಮಣ್ಣಿನ ರಾಶಿ ಮ್ಯಾಲ ಕುಂಡ್ರಿಸಿ ಎರೀತೀರೇನು?"

ಅಂದಿನಿಂದ ಹೆಂಡತಿ ಜಯಾ ಸರಿಯಾಗಿ ಉಂಡಿರಲಿಲ್ಲ. ಒಬ್ಬಳೇ ಮಗಳ ಮೊದಲ ಬಾಣಂತನ ಕೈತಪ್ಪಿದರೆ ಓಣಿಯಲ್ಲಿ ತಲೆ ಎತ್ತುವುದು ಹೇಗೆ? ತೀರ್ಮಾನವಾಗಬೇಕಿದ್ದದ್ದಾದರೂ ಎಷ್ಟು! ಶವರ್ ಕೂರಿಸುವ ಮೂಲೆಯ ಎರಡು ಗೋಡೆಗಳಿಗೆ ಟೈಲ್ಸೋ, ಹಲಗೆಯಂತೆ ಅಂಟಿಸುವ ರೆಡಿಮೇಡ್ ಪ್ಯಾನೆಲ್ಲೋ? ಅದಕ್ಕೇ ಮೂರು ವಾರ ಕಳೆದಿದ್ದವು.

ಟೈಲ್ಸ್ ಪಕ್ಷದ ವಕೀಲ ಸವಣೂರಿನ ಮೇಸ್ತ್ರಿ ಖಾದರಸಾಬ. "ಟೈಲ್ಸ್ ಹಾಕಸ್ರಿ ಯಜಮಾನ್ರ. ಮೊಮ್ಮಕ್ಕಳ ಮದಿವಿ ತನಕ ಏನೂ ಆಗಾಂಗಿಲ್ಲ."

"ಹಿಂದ ಪೂರಾ ಸಿಮೆಂಟ್ ತುಂಬ್ತೀಯೋ, ನಾಕ ಮೂಲಿಗೆ ನಾಕ ಮುದ್ದಿ ಬಡದು ಕೈ ತೊಳಕೊಂತೀಯೋ, ನನಗ ಹೆಂಗ ಗೊತ್ತಾಗಬೇಕು?"

"ನನ್ನ ಮುಖಾ ನೋಡಿದ್ರ ಗೊತ್ತಾಗೂದಿಲ್ಲೇನ್ರಿ?"

"ಮುಖಾ ನೋಡೇ ಕೇಳಾಕತ್ತೇನಿ!"

ಪ್ಯಾನೆಲ್ ಪಕ್ಷದವನು ಶಿಗ್ಗಾವಿಯ ಲೋಹಿತ. ಇಸ್ತ್ರಿ ಮಾಡಿದ ಅಂಗಿ, ಬಗಲಲ್ಲಿ ಕ್ಯಾಟಲಾಗು. "ಕಾಕಾ, ಅರ್ಧಾ ದಿನದಾಗ ಗ್ವಾಡಿ ರೆಡಿ! ಸಂದಿ ಇಲ್ಲ, ಪಾಚಿ ಇಲ್ಲ, ಒರಸಿದ್ರ ಮುಗೀತು."

"ಅರ್ಧಾ ದಿನದಾಗ ಬಂದಿದ್ದು ಅರ್ಧಾ ದಿನದಾಗ ಹೋಗೂದಿಲ್ಲಂತ ಏನ್ ಗ್ಯಾರಂಟಿ? ಅದರ ಹಿಂದ ಇಲಿ ಸಂಸಾರ ಹೂಡಿದ್ರ ಬಾಡಿಗಿ ನೀ ಕೊಡ್ತೀಯೇನು?"

ಮೇಸ್ತ್ರಿಯೂ ಲೋಹಿತನೂ ಒಬ್ಬರನ್ನೊಬ್ಬರು ನೋಡಿ ಚಹಾದ ಕಪ್ಪಿನೊಳಗೇ ನಕ್ಕರು. ಅಷ್ಟೇ ಸಾಕಾಯಿತು. ಇವರಿಬ್ಬರೂ ಒಳಗೊಳಗೇ ಒಂದಾಗಿದ್ದಾರೆ! ಕೂಡಲೇ ಐತಿಹಾಸಿಕ ತೀರ್ಪು ಹೊರಬಿತ್ತು. ಎಡಗೋಡೆಗೆ ಟೈಲ್ಸ್, ಬಲಗೋಡೆಗೆ ಪ್ಯಾನೆಲ್. ಪರೀಕ್ಷೆಯಲ್ಲಿ ಗೆದ್ದದ್ದು ಉಳಿಯುತ್ತದೆ, ಸೋತದ್ದನ್ನು ಕಿತ್ತು ಹಾಕುವುದು.

"ಇದೇನ ಬಚ್ಚಲೋ, ಇಲೆಕ್ಷನ್ನೋ?" ಎಂದಳು ಜಯಾ.

ಗುರುವಾರ ಎರಡೂ ಗೋಡೆ ಮುಗಿದವು. ಹೊರಡುವಾಗ ಖಾದರಸಾಬ, "ಎರಡ ದಿನಾ ಮುಟ್ಟಬ್ಯಾಡ್ರಿ, ಇನ್ನೂ ಹಸಿ ಐತಿ" ಎಂದ. ಲೋಹಿತನೂ, "ಅಂಚಿನ ಗಮ್ಮು ಒಣಗೂತನಕ ಮುಟ್ಟಬ್ಯಾಡ್ರಿ ಕಾಕಾ" ಎಂದ.

ಮುಟ್ಟಬೇಡಿ! ಇಬ್ಬರೂ ಒಂದೇ ಮಾತು! ಅಂದರೆ ಅಲ್ಲೇನೋ ಇದೆ! ಅವರು ಓಣಿ ದಾಟುವುದರೊಳಗೆ ಚನ್ನವೀರಪ್ಪನವರು ನಾಣ್ಯ ತೆಗೆದುಕೊಂಡು ಒಂದೊಂದೇ ಟೈಲ್ಸು ಬಡಿಯತೊಡಗಿದರು. 'ಟಣ್' ಎಂದಲ್ಲಿ ಸಂಶಯದಿಂದ ಇನ್ನೊಮ್ಮೆ, 'ಡಬ್' ಎಂದಲ್ಲಿ ಸಿಟ್ಟಿನಿಂದ ನಾಲ್ಕು ಸಲ. ಆಮೇಲೆ ಅಡುಗೆಮನೆಯ ಚಾಕು ತಂದು ಪ್ಯಾನೆಲ್ಲಿನ ಅಂಚು ಬಿಡಿಸಿ ಹಿಂದೆ ಇಣುಕಿದರು. ಅಲ್ಲಿ ಏನೂ ಇರಲಿಲ್ಲ. ಏನೂ ಇಲ್ಲದ್ದು ಕಂಡು ಅವರ ಅನುಮಾನ ಇಮ್ಮಡಿಯಾಯಿತು.

ಶುಕ್ರವಾರ ಬೆಳಿಗ್ಗೆಯೇ ಪರೀಕ್ಷೆ. ಬಾಣಂತಿಯ ಸ್ನಾನವೆಂದರೆ ಸುಮ್ಮನೆ ಮೈ ತೋಯಿಸಿಕೊಳ್ಳುವುದಲ್ಲ. ಹಂಡೆಗಟ್ಟಲೆ ಸುಡುನೀರು, ಎಣ್ಣೆ, ಲೋಬಾನದ ಹೊಗೆ! ಅದನ್ನು ತಡೆದುಕೊಳ್ಳುವ ಗೋಡೆಯೇ ಗೋಡೆ. ಓಣಿಯ ಅರ್ಧದಷ್ಟು ಬಾಣಂತಿಯರಿಗೆ ನೀರೆರೆದ ಕರೆವ್ವಜ್ಜಿಗೆ ಬುಲಾವು ಹೋಯಿತು.

"ಬಾಣಂತಿಗೆ ಎರದಂಗ ಈ ಗ್ವಾಡಿಗೆ ನೀರ ಹಾಕಬೇ."

"ಬಾಣಂತಿ ಎಲ್ಲಿ?"

"ಇನ್ನೂ ಬಂದಿಲ್ಲ. ಗ್ವಾಡಿಗೆ ಹಾಕು, ಸಾಕು."

"ನಾ ಮನಿಷ್ಯಾರಿಗೆ ಎರ್ಯಾಕಿ, ಗ್ವಾಡಿಗಲ್ಲ. ಮುಂದ ಬೆನ್ನ ಇಲ್ಲದ ನನ್ನ ಕೈ ಏಳಾಂಗಿಲ್ಲ."

ಅಜ್ಜಿ ಬೇಕಂತಲೇ ಮೆಲ್ಲಗೆ ಸುರಿದು ಪರೀಕ್ಷೆ ಕೆಡಿಸಿದರೆ? ಯಾರು ಕಂಡವರು, ಇವಳಿಗೂ ಮೇಸ್ತ್ರಿಗೂ ಎಷ್ಟು ವರ್ಷದ ಪರಿಚಯವೋ! ಚನ್ನವೀರಪ್ಪನವರು ಧೋತರ ಎತ್ತಿ ಕಟ್ಟಿ ಮಣೆಯ ಮೇಲೆ ಬಾಣಂತಿಯ ಬದಲು ತಾವೇ ಬೆನ್ನು ಕೊಟ್ಟು ಕುಳಿತರು.

ಮುಂದಿನದು ಮರ್ಯಾದಸ್ಥರು ಓದುವಂಥದ್ದಲ್ಲ. ಕರೆವ್ವಜ್ಜಿ ಬೊಗಸೆ ಎಣ್ಣೆ ಸುರಿದು ನೆತ್ತಿ ಬಡಿದಳು. "ಅಯ್ಯೋ!" ಬೆನ್ನು ತಿಕ್ಕಿದಳು. "ಸತ್ನೆಪೋ!" "ಸುಮ್ಮ ಕುಂಡ್ರು! ಮೈಯಾಗಿನ ಗಾಳಿ ಹೋಗಬೇಕು" ಎಂದು ಗದರಿಸಿ ಮೊದಲ ಚರಿಗೆ ಸುಡುನೀರು ಬೆನ್ನಿಗೆ ಅಪ್ಪಳಿಸಿದಳು.

ಚನ್ನವೀರಪ್ಪನವರು ಕುಳಿತಲ್ಲಿಂದಲೇ ಹಾರಿ ಎಡಗೋಡೆ ಹಿಡಿದರು. ನಾಣ್ಯದ ಬಡಿತಕ್ಕೆ ಸಡಿಲಾಗಿದ್ದ ಹಸಿ ಟೈಲ್ಸುಗಳು ಪಟಪಟನೆ ಉದುರಿದವು. ಬಲಕ್ಕೆ ಜಾರಿ ಪ್ಯಾನೆಲ್ಲಿನ ಅಂಚು ಹಿಡಿದರು. ಚಾಕು ಬಿಡಿಸಿದ್ದ ಆ ಅಂಚು ಇಡೀ ಗೋಡೆಯನ್ನೇ ಕರೆದುಕೊಂಡು ಅವರ ಮೈಮೇಲೆ ಬಂತು!

ಸದ್ದಿಗೆ ಓಣಿಯೇ ಓಡಿಬಂತು. ಪ್ಯಾನೆಲ್ ಎತ್ತಿ ನೋಡಿದರೆ ಕೆಳಗೆ ಎಣ್ಣೆಯಲ್ಲಿ ಮಿರಮಿರ ಮಿಂಚುವ ನಿವೃತ್ತ ಅಧಿಕಾರಿ! ಕರೆವ್ವಜ್ಜಿ ಹಿಡಿದ ಕೆಲಸ ಅರ್ಧಕ್ಕೆ ಬಿಡುವವಳಲ್ಲ. ಜನರ ನಡುವೆಯೇ ಅವರ ತಲೆಗೆ ಬಟ್ಟೆ ಬಿಗಿದು ಲೋಬಾನದ ಹೊಗೆ ಹಾಕಿದಳು.

ಸುದ್ದಿ ಕೇಳಿ ಬಂದ ಖಾದರಸಾಬ ಒಂದು ಟೈಲ್ಸು ಎತ್ತಿ ತೋರಿಸಿದ. "ಹಿಂದ ನೋಡ್ರಿ, ತುಂಬ ಸಿಮೆಂಟ್. ಮುಂದ ನೋಡ್ರಿ, ತುಂಬ ನಾಣ್ಯದ ಗುರ್ತು."

ಎಲ್ಲರೂ ನಕ್ಕರು. ಜಯಾ ನಗಲಿಲ್ಲ. "ಹೋತು, ನನ್ನ ಮಗಳ ಬಾಣಂತನಾ ಹೋತು" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಬದುಕಿನಲ್ಲಿ ಮೊದಲ ಸಲ ಚನ್ನವೀರಪ್ಪನವರಿಗೆ ತಮ್ಮ ಮೇಲೇ ಅನುಮಾನ ಬಂತು.

"ಅಳಬ್ಯಾಡ್ರಿ ಅಕ್ಕಾರ. ಟೈಲ್ಸೋ, ಪ್ಯಾನೆಲ್ಲೋ, ನೀವ ಹೇಳ್ರಿ" ಎಂದ ಖಾದರಸಾಬ.

"ಟೈಲ್ಸ್!"

ಮೂರು ವಾರದ ಪ್ರಶ್ನೆ ಒಂದು ಶಬ್ದದಲ್ಲಿ ಮುಗಿಯಿತು.

"ಸೋಮವಾರ ಮುಂಜಾನಿ ಬಚ್ಚಲಾ ತಯಾರ" ಎಂದ ಮೇಸ್ತ್ರಿ. "ಆದ್ರ ಒಂದ ಕರಾರು. ಅಲ್ಲೀತನಕ ಯಜಮಾನ್ರು ಈ ಮನ್ಯಾಗ ಇರಬಾರದು."

ಜಯಾ ಹತ್ತು ನಿಮಿಷದಲ್ಲಿ ಚೀಲ ತುಂಬಿ ಗಂಡನನ್ನು ತಿಳವಳ್ಳಿ ಬಸ್ಸು ಹತ್ತಿಸಿದಳು. "ಬೀಗರ ಮನ್ಯಾಗ ಇರ್ರಿ. ಸೋಮವಾರ ಮಗಳನ್ನ ಕರಕೊಂಡೇ ಬರ್ರಿ."

ಬೀಗತಿ ದಾನವ್ವ ಬಾಗಿಲಲ್ಲೇ ನಿಂತಿದ್ದರು. ಬಸ್ಸಿಗಿಂತ ಮೊದಲು ಸುದ್ದಿ ತಲುಪಿತ್ತು.

"ಮಗಳನ್ನ ಕರಿಯಾಕ ಬಂದ್ರೇನ್ರಿ ಬೀಗರ?"

"ಇಲ್ಲರಿ... ಸೋಮವಾರದ ತನಕ ಇರಾಕ ಬಂದೇನಿ."

ದಾನವ್ವ ಅವರನ್ನು ಮೇಲಿಂದ ಕೆಳಗೆ ನೋಡಿ, ಒಳಗೆ ತನ್ನ ತುಂಬುಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ ಸೊಸೆಗೆ ಕೂಗಿ ಹೇಳಿದರು: "ಭಾಗ್ಯಾ, ನೀ ತವರಮನಿಗೆ ಆಮ್ಯಾಲ ಹೋಗುವಿಯಂತ. ಹಂಡೇದಾಗ ನೀರ ಕಾದಾವೇನ ನೋಡು. ಮೊದಲ ನಿಮ್ಮಪ್ಪನ ಬಾಣಂತನಾ ಮುಗಸೂಣು!"