ಒಂಬತ್ತು ಸಾವಿರ ಸಲ ಬೇಡವೆನಿಸಿಕೊಂಡ ಹಂದಿತೊಡೆ

ಯುನ್‌ಶಿ ಜಿಲ್ಲೆಯ ತೂಕ ಮತ್ತು ಅಳತೆ ಕಚೇರಿಯು ಕಳೆದ ವರ್ಷ ಒಟ್ಟು ಒಂಬತ್ತು ಸಾವಿರದ ಆರುನೂರ ಹನ್ನೊಂದು ಉಡುಗೊರೆಗಳನ್ನು ನಿರಾಕರಿಸಿತು. ಇವುಗಳಲ್ಲಿ ಹತ್ತು ಚಹಾಪುಡಿಯ ಪೊಟ್ಟಣಗಳು, ಒಂದು ಬಾತುಕೋಳಿ. ಉಳಿದ ಒಂಬತ್ತು ಸಾವಿರದ ಆರುನೂರೂ ಒಂದೇ ಹಂದಿತೊಡೆ.

ಆ ತೊಡೆಯನ್ನು ಕಚೇರಿಗೆ ತಂದವನು ಉಪಮೇಲ್ವಿಚಾರಕ ಪಾಂಗ್ ದೆಶುನ್. ಅವನ ಊರು ಬೈಷಾ, ಬಸ್ಸಿನಲ್ಲಿ ಆರು ಗಂಟೆಯ ದಾರಿ. ಹೆಂಡತಿ ಲಾನ್‌ಯಿಂಗ್ ಅಲ್ಲಿ ಶಾವಿಗೆ ಅಂಗಡಿ ಇಟ್ಟುಕೊಂಡು ವಯಸ್ಸಾದ ತಂದೆಯನ್ನು ನೋಡಿಕೊಂಡಿದ್ದಳು. ಗಂಡಹೆಂಡಿರು ಒಟ್ಟಿಗೆ ಊಟಕ್ಕೆ ಕೂರುವುದು ವರ್ಷಕ್ಕೆ ಎರಡು ಸಲ. ಪಾಂಗ್‌ಗೆ ಅವಳ ಅಡುಗೆಗಿಂತ ಊಟದ ಹೊತ್ತಿನ ಅವಳ ಬೈಗುಳವೇ ಹೆಚ್ಚು ನೆನಪಾಗುತ್ತಿತ್ತು. ಬೈಯುವವರಿಲ್ಲದೆ ತಿಂದ ಅನ್ನ ಅವನ ಮೈಗೆ ಹತ್ತುತ್ತಿರಲಿಲ್ಲ. ಬೈಷಾಕ್ಕೆ ವರ್ಗ ಕೋರಿ ಅವನು ಅರ್ಜಿ ಹಾಕಿ ನಾಲ್ಕು ವರ್ಷವಾಗಿತ್ತು. ಅರ್ಜಿ ಎಲ್ಲಿದೆ ಎಂಬ ವಿಷಯದಲ್ಲಿ ಯಾವ ಗೊಂದಲವೂ ಇರಲಿಲ್ಲ. ಅದು ನಿರ್ದೇಶಕ ಕುವಾಂಗ್ ಸಾಹೇಬರ ಮೇಜಿನ ಮೇಲೆ, ಅವರ ಚಹಾದ ಲೋಟದ ಕೆಳಗೆ ಇತ್ತು.

"ಬರೀ ಕಾಗದ ಕೊಟ್ರೆ ಲೋಟ ಇಡದೆ ಇನ್ನೇನಿಡ್ತಾರೆ?" ಎಂದು ಲಾನ್‌ಯಿಂಗ್ ಫೋನಿನಲ್ಲಿ ಕೇಳಿದಳು. "ಅಪ್ಪನ ತೊಡೆ ಬಸ್ಸಲ್ಲಿ ಹಾಕಿ ಕಳಿಸ್ತೀನಿ. ತಗೊಂಡು ಹೋಗಿ ಕೊಡಿ."

ಅಪ್ಪನ ತೊಡೆ ಎಂದರೆ ಅಪ್ಪ ತಯಾರಿಸಿದ ತೊಡೆ ಎಂದು ತಿಳಿಯತಕ್ಕದ್ದು. ಮುದುಕ ಅದಕ್ಕೆ ಏಳು ಸಲ ಉಪ್ಪು ತಿಕ್ಕಿ, ಬಿಸಿಲಲ್ಲಿ ಒಣಗಿಸಿ, ಅಟ್ಟದ ತೊಲೆಗೆ ಮೂರು ವರ್ಷ ನೇತುಹಾಕಿದ್ದ. ಹಬ್ಬಕ್ಕೆ ಅಳಿಯ ಬಂದಾಗ ಕೊಯ್ಯುವುದೆಂದು ಇಟ್ಟದ್ದು ಅದು.

ಯುನ್‌ಶಿಯಲ್ಲಿ ಉಡುಗೊರೆಯ ಶಿಷ್ಟಾಚಾರವನ್ನು ಯಾರಿಗೂ ಕಲಿಸಬೇಕಾಗಿಲ್ಲ. ಕೊಡುವವರು ಎರಡೂ ಕೈಯಲ್ಲಿ ಹಿಡಿದು, ಇದೇನೂ ಅಲ್ಲ, ಸಣ್ಣದು ಎನ್ನಬೇಕು. ಪಡೆಯುವವರು ಎರಡು ಸಲ ಬೇಡವೆಂದು ತಳ್ಳಬೇಕು. ಮೂರನೆಯ ಸಲ, ನೀವು ಹೀಗೆಲ್ಲ ಮಾಡಬಾರದು ಎಂದು ಗದರುತ್ತ ಎರಡೂ ಕೈ ಚಾಚಿ ತೆಗೆದುಕೊಂಡು, ಬಿಚ್ಚಿ ನೋಡದೆ ಪಕ್ಕಕ್ಕಿಡಬೇಕು. ಕುವಾಂಗ್ ಸಾಹೇಬರು ಈ ವಿಷಯದಲ್ಲಿ ಬಲು ಅಚ್ಚುಕಟ್ಟು. ಅವರು ಮೊದಲ ಸಲ ಮುಖ ಕೆಂಪಗೆ ಮಾಡಿಕೊಂಡು ತಳ್ಳಿದರು. ಎರಡನೆಯ ಸಲ ಕುರ್ಚಿಯಿಂದೆದ್ದು ತಳ್ಳಿದರು. ಮೂರನೆಯ ಸಲಕ್ಕೆಂದು ಕೈಗಳು ಮೇಲೆದ್ದಿದ್ದವು, ಅಷ್ಟರಲ್ಲಿ ಪ್ರಾಂತ್ಯದಿಂದ ಬಂದ ಸುತ್ತೋಲೆಯನ್ನು ಯಾರೋ ಮೇಜಿನ ಮೇಲಿಟ್ಟರು. ಸಾಹೇಬರು ಒಂದು ಕಣ್ಣನ್ನು ತೊಡೆಯ ಮೇಲಿಟ್ಟು ಇನ್ನೊಂದರಿಂದ ಓದಿದರು.

"ಸ್ವಚ್ಛಹಸ್ತ ಆಂದೋಲನದ ಅಂಗವಾಗಿ, ಪ್ರತಿಯೊಬ್ಬ ಅಧಿಕಾರಿಯೂ ಪ್ರತಿ ಮೂರು ತಿಂಗಳಿಗೆ ಕನಿಷ್ಠ ಹನ್ನೆರಡು ಉಡುಗೊರೆಗಳನ್ನು ತಲಾ ಮೂರು ಬಾರಿ ನಿರಾಕರಿಸಿ ದಾಖಲೆ ಪುಸ್ತಕದಲ್ಲಿ ನಮೂದಿಸತಕ್ಕದ್ದು. ಒಂದೇ ಒಂದು ಉಡುಗೊರೆಯನ್ನು ಸ್ವೀಕರಿಸಿದಲ್ಲಿ ಇಡೀ ಕಚೇರಿಯ ನಿರಾಕರಣೆಗಳು ರದ್ದಾಗತಕ್ಕದ್ದು. ಕಲಂ ಒಂಬತ್ತು: ಕೈಯಿಂದ ಕೊಟ್ಟು ಕೈಯಿಂದ ಪಡೆಯುವ ಯಾವ ವಸ್ತುವಾದರೂ ಉಡುಗೊರೆಯೇ."

ಸಂಬಳ ನೇರವಾಗಿ ಬ್ಯಾಂಕಿಗೆ ಹೋಗುತ್ತಿದ್ದುದರಿಂದ ಕಲಂ ಒಂಬತ್ತರಿಂದ ಯಾರಿಗೂ ತೊಂದರೆಯಾಗಲಿಲ್ಲ. ಸಾಹೇಬರು ಕೈ ಇಳಿಸಿ, ಮೂರನೆಯ ಸಲವೂ ಬೇಡವೆಂದು, ಹೊಸ ಪುಸ್ತಕ ತರಿಸಿ ಒಂದನೆಯ ಸಂಖ್ಯೆ ಬರೆದರು.

"ಪಾಂಗ್, ಬೇಜಾರು ಮಾಡ್ಕೋಬೇಡಿ" ಎಂದರು. "ಹತ್ತು ನಿಮಿಷ ಮುಂಚೆ ಬಂದಿದ್ರೆ ತಗೊಂಡೇ ಬಿಡ್ತಿದ್ದೆ."

ಆಂದೋಲನ ಆರಂಭವಾದ ಸುದ್ದಿ ಊರಿಗೆ ಹರಡಿದೊಡನೆ ಉಡುಗೊರೆ ಕೊಡುವವರು ಮಾಯವಾದರು. ಕಚೇರಿ ಸಂಕಟಕ್ಕೆ ಸಿಕ್ಕಿತು. ಯಾರೂ ಏನನ್ನೂ ಕೊಡದಿದ್ದರೆ ಅಧಿಕಾರಿಗಳನ್ನು ಪ್ರಾಮಾಣಿಕರೆಂದು ಪರಿಗಣಿಸಬಹುದೇ ಎಂದು ಕುವಾಂಗ್ ಸಾಹೇಬರು ಪ್ರಾಂತ್ಯಕ್ಕೆ ಬರೆದು ಕೇಳಿದರು. ಉಡುಗೊರೆ ತೆಗೆದುಕೊಳ್ಳದಿರುವುದು ಬೇರೆ, ನಿರಾಕರಿಸುವುದು ಬೇರೆ, ಮೊದಲನೆಯದು ಬರೀ ಸೋಮಾರಿತನ ಎಂದು ಉತ್ತರ ಬಂತು. ಆದ್ದರಿಂದ ಅಧಿಕಾರಿಗಳು ತಕ್ಕಡಿ ಪರೀಕ್ಷೆ ಮಾಡುವುದನ್ನು ನಿಲ್ಲಿಸಿ, ನಮಗೆ ಏನಾದರೂ ಕೊಡಲು ಬನ್ನಿ ಎಂದು ಸಂತೆಯ ಅಂಗಡಿ ಅಂಗಡಿಗೆ ತಿರುಗಿ ಕೈಮುಗಿದರು. ಪಾಂಗ್‌ನ ಪಾಲಿಗೆ ಚಹಾಪುಡಿ ಮಾರುವ ಗುಯಿಹುವಾ ಸಿಕ್ಕಳು.

"ಅಣ್ಣಾ, ಮುಂಚೆ ಕೊಟ್ರೆ ತಗೋತಿದ್ರಿ, ಕೆಲಸ ಆಗ್ತಿತ್ತು. ಈಗ ಕೊಟ್ರೆ ತಗೊಳ್ಳಲ್ಲ, ಕೆಲಸಾನೂ ಮಾಡಲ್ಲ" ಎಂದಳು ಗುಯಿಹುವಾ. "ಅಂಗಡಿ ಬಾಗಿಲು ಹಾಕ್ಕೊಂಡು ಬಂದು ಬೇಡ ಅನ್ನಿಸ್ಕೊಂಡು ಹೋಗೋಕೆ ನನಗೇನು ತಲೆ ಕೆಟ್ಟಿದ್ಯಾ?"

ಆದರೂ ಪಾಂಗ್‌ನ ಮುಖ ನೋಡಲಾರದೆ ಹತ್ತು ಪೊಟ್ಟಣ ಹಿಡಿದು ಬಂದಳು. ಹತ್ತನ್ನೂ ಮುಮ್ಮೂರು ಸಲ ನಿರಾಕರಿಸಲಾಯಿತು. ಕೈ ತುಂಬಿಸಿಕೊಂಡು ಬಂದವರನ್ನು ಬರಿಗೈಯಲ್ಲಿ ಕಳಿಸುವುದು ಆ ಸೀಮೆಯಲ್ಲಿ ಮಹಾ ಅಪಚಾರ, ಪ್ರತಿಯಾಗಿ ಏನಾದರೂ ಕೊಡಲೇಬೇಕು. ಕುವಾಂಗ್ ಸಾಹೇಬರು ಎರಡು ಕಿತ್ತಳೆ ಹಣ್ಣು ಕೊಟ್ಟು ಕಳಿಸಿದರು. ಗುಯಿಹುವಾ ತನ್ನ ಹತ್ತು ಪೊಟ್ಟಣಗಳ ಜೊತೆಗೆ ಎರಡು ಕಿತ್ತಳೆಯನ್ನೂ ಹಿಡಿದು ಸಂತೆಗೆ ಮರಳಿದ್ದನ್ನು ಇಡೀ ಊರು ನೋಡಿತು. ಮಾರನೆಯ ದಿನ ಬೆಳಗ್ಗೆ ಆರಕ್ಕೇ ಗೇಟಿನ ಮುಂದೆ ಸಾಲು ನಿಂತಿತ್ತು. ಅಜ್ಜಿಯರು ಮಣೆ ತಂದು ಕೂತಿದ್ದರು. ಮುಂದಿದ್ದವನೊಬ್ಬ ತಂದ ಬಾತುಕೋಳಿ ಎರಡನೆಯ ನಿರಾಕರಣೆಯ ಹೊತ್ತಿಗೆ ತಾನಾಗಿಯೇ ಹೊರಟುಹೋಯಿತು, ಆದರೂ ಲೆಕ್ಕಕ್ಕೆ ಹಿಡಿಯಲಾಯಿತು.

ಸಾಲಿನಲ್ಲಿದ್ದ ಉಳಿದವರಲ್ಲಿ ಯಾರ ಬಳಿಯೂ ಕೊಡಲು ಏನೂ ಇರಲಿಲ್ಲ. ಇದು ದೊಡ್ಡ ಅಡಚಣೆಯೆಂದು ಯಾರಿಗೂ ಅನ್ನಿಸಲಿಲ್ಲ. ಪಾಂಗ್‌ನ ಕಪಾಟಿನಲ್ಲಿದ್ದ ಹಂದಿತೊಡೆಯನ್ನು ತಂದು ಗೇಟಿನ ಕೊಕ್ಕೆಗೆ ನೇತುಹಾಕಲಾಯಿತು. ಬಂದವರು ಅದನ್ನು ಇಳಿಸಿಕೊಂಡು ಒಳಗೆ ಹೋಗಿ ಕೊಟ್ಟು, ಬೇಡವೆನಿಸಿಕೊಂಡು, ಮರಳಿ ಕೊಕ್ಕೆಗೆ ಹಾಕಿ, ಕಿತ್ತಳೆ ಪಡೆದು ಹೋಗುವರು. ಪ್ರಾಂತ್ಯದವರು ಇದಕ್ಕೆ ಆಕ್ಷೇಪ ಎತ್ತದೆ, ತೊಡೆ ಒಂದೇ ಆದರೂ ಕೊಡುವ ಮನಸ್ಸುಗಳು ಬೇರೆ ಬೇರೆಯಾದ್ದರಿಂದ ಪ್ರತಿಯೊಂದನ್ನೂ ಪ್ರತ್ಯೇಕ ಉಡುಗೊರೆಯೆಂದು ಪರಿಗಣಿಸತಕ್ಕದ್ದು ಎಂದು ಸ್ಪಷ್ಟೀಕರಣ ನೀಡಿದರು.

ಇಷ್ಟರಲ್ಲಿ ಎದುರಿನ ಅರಣ್ಯ ಕಚೇರಿಯವರು ಕಿತ್ತಳೆಯ ಬದಲು ಟವೆಲ್ ಕೊಡಲು ಶುರುಮಾಡಿದರು. ಸಾಲು ಅತ್ತ ತಿರುಗಿತು. ಕುವಾಂಗ್ ಸಾಹೇಬರು ಹಠಕ್ಕೆ ಬಿದ್ದು, ತಕ್ಕಡಿ ದುರಸ್ತಿಗೆಂದು ಇಟ್ಟಿದ್ದ ಅನುದಾನದಲ್ಲಿ ಐದೈದು ಲೀಟರಿನ ಅಡುಗೆ ಎಣ್ಣೆ ಕ್ಯಾನುಗಳನ್ನು ತರಿಸಿದರು. ಸಾಲು ಓಡೋಡಿ ಮರಳಿ ಬಂತು. ಪ್ರಾಮಾಣಿಕತೆಯ ಬಗ್ಗೆ ಜನರಿಗೆ ಇಷ್ಟು ಉತ್ಸಾಹ ಇರುವುದನ್ನು ತಾವು ಎಂದೂ ಕಂಡಿರಲಿಲ್ಲವೆಂದು ಸಾಹೇಬರು ವರದಿ ಬರೆದರು. ಸಂತೆಯಲ್ಲಿ ಒಂದು ತಕ್ಕಡಿಯೂ ಸರಿಯಾಗಿ ತೂಗುತ್ತಿರಲಿಲ್ಲ, ಗುಯಿಹುವಾಳದ್ದಂತೂ ತೀರಾ ಕೆಟ್ಟಿತ್ತು. ಅವಳು ದೂರು ಕೊಡಲಿಲ್ಲ.

ಆಮೇಲೆ ಪರಿಶೀಲಕರು ಬಂದು, ನಿರಾಕರಣೆಗಳು ನಿಸ್ತೇಜವಾಗಿವೆ, ಕೊಡುವವರ ತಳ್ಳಾಟದಲ್ಲೂ ಜೀವವಿಲ್ಲ ಎಂದು ಬರೆದುಹೋದರು. ಅಂದಿನಿಂದ ಕೊಡುವವರು ತೊಡೆಯನ್ನು ಅಧಿಕಾರಿಯ ಕೋಟಿನೊಳಗೆ ತುರುಕುವುದು, ಮೇಜಿನ ಕೆಳಗೆ ಬಿಟ್ಟು ಓಡುವುದು ಕಡ್ಡಾಯವಾಯಿತು. ಅಧಿಕಾರಿ ಬೆನ್ನಟ್ಟಿ ಹೋಗಿ ಮರಳಿಸಬೇಕು. ಮೆಟ್ಟಿಲ ಮೇಲೆ ಮಾಡಿದ ನಿರಾಕರಣೆಗೆ ಒಂದೂವರೆ ಅಂಕ, ರಸ್ತೆಯಲ್ಲಿ ಮಾಡಿದ್ದಕ್ಕೆ ಎರಡು.

ವರ್ಷದ ಕೊನೆಗೆ ಅತಿ ಹೆಚ್ಚು ಅಂಕ ಗಳಿಸಿದವರ ಒಂದು ಬೇಡಿಕೆಯನ್ನು ಮಂಜೂರು ಮಾಡಲಾಗುವುದು ಎಂದು ಕುವಾಂಗ್ ಸಾಹೇಬರು ಘೋಷಿಸಿದರು. ಪಾಂಗ್ ಅಂದಿನಿಂದ ಬೇರೆಯೇ ಮನುಷ್ಯನಾದ. ಮಾವನ ತೊಡೆಯನ್ನು ಅವನಷ್ಟು ಆರ್ತವಾಗಿ ಬೇಡವೆನ್ನುವವರು ಕಚೇರಿಯಲ್ಲಿ ಇನ್ನೊಬ್ಬರಿರಲಿಲ್ಲ. ರಸ್ತೆಯಲ್ಲಿ ಅಜ್ಜಿಯರ ಹಿಂದೆ ಓಡಿ ಓಡಿ ಅವನ ಬೂಟಿನ ಅಟ್ಟೆ ಎರಡು ಸಲ ಕಿತ್ತುಬಂತು. ಬರಬರುತ್ತ, ಯಾರು ಏನು ಚಾಚಿದರೂ ಅವನ ಎರಡೂ ಕೈ ತಾವಾಗಿಯೇ ಬೆನ್ನ ಹಿಂದೆ ಹೋಗಿ, ನಾಲಿಗೆ ತಾನಾಗಿಯೇ ಮೂರು ಸಲ ಬೇಡವೆನ್ನತೊಡಗಿತು. ಕಚೇರಿಯ ಊಟದ ಮನೆಯಲ್ಲಿ ಅಡುಗೆಯವನು ಸೌಟು ಚಾಚಿದಾಗಲೂ ಹಾಗೆಯೇ ಆಯಿತು. ಅಡುಗೆಯವನು ಮೂರನೆಯದನ್ನು ನಿಜವೆಂದು ತಿಳಿದು ಮುಂದಿನವರಿಗೆ ಬಡಿಸಿದ. ಪಾಂಗ್ ಆರು ಕಿಲೋ ಇಳಿದ. ಲಾನ್‌ಯಿಂಗ್‌ಳ ಜೊತೆ ಕೂತು ಉಣ್ಣುವ ದಿನ ಎಲ್ಲ ಸರಿಹೋಗುತ್ತದೆ ಎಂದುಕೊಂಡು ಸಹಿಸಿಕೊಂಡ.

ಹೊಸ ವರ್ಷದ ವಸಂತ ಹಬ್ಬಕ್ಕೆ ಒಂದು ವಾರ ಮುಂಚೆ, ಬೆಳಗ್ಗೆ, ಅಂಕಗಳಲ್ಲಿ ಮೊದಲಿಗನಾದ ಪಾಂಗ್‌ನ ಸನ್ಮಾನಕ್ಕೆ ಊಟದ ಮನೆಯಲ್ಲೇ ಸಮಾರಂಭ ಏರ್ಪಟ್ಟಿತು. ಪ್ರಾಂತ್ಯದ ಮೂವರು ಪರಿಶೀಲಕರು ಮುಂದಿನ ಸಾಲಿನಲ್ಲಿದ್ದರು. ಗಂಡನ ಪಾತ್ರೆಪಡಗ ಕಟ್ಟಿಕೊಂಡು ಹೋಗಲೆಂದು ಎರಡು ಖಾಲಿ ಚೀಲ ಹಿಡಿದು ಲಾನ್‌ಯಿಂಗ್ ಬಂದಿದ್ದಳು. ವೇದಿಕೆಯ ಮೇಲೆ ಕೆಂಪು ಪಟ್ಟಿ ಕಟ್ಟಿದ ಹಂದಿತೊಡೆಗೆ ಪ್ರತ್ಯೇಕ ಕುರ್ಚಿ ಹಾಕಿದ್ದರು. ಕುವಾಂಗ್ ಸಾಹೇಬರು ಭಾಷಣ ಮುಗಿಸಿ, ಬೈಷಾ ವರ್ಗಾವಣೆಯ ಆದೇಶವನ್ನು ಕೆಂಪು ಲಕೋಟೆಯಲ್ಲಿಟ್ಟು ಎರಡೂ ಕೈಯಲ್ಲಿ ಹಿಡಿದು, ಸಣ್ಣದೊಂದು ಮನ್ನಣೆ ಎಂದು ಪಾಂಗ್‌ಗೆ ಚಾಚಿದರು.

ಪಾಂಗ್‌ನ ಕೈ ಬೆನ್ನ ಹಿಂದೆ ಹೋಯಿತು. "ಬೇಡ ಸಾಹೇಬ್ರೇ, ಇದೆಲ್ಲ ಯಾಕೆ."

ಇದು ಬರೀ ಮರ್ಯಾದೆಯೆಂದು ಎಲ್ಲರೂ ಮೆಚ್ಚಿದರು. ಸಾಹೇಬರು ಮತ್ತೆ ಚಾಚಿದರು. ಪಾಂಗ್ ಮತ್ತೆ ಬೇಡವೆಂದ. ಮೂರನೆಯ ಸಲ ಚಾಚಿದಾಗ ಮುಂದಿನ ಸಾಲಿನ ಪರಿಶೀಲಕರೊಬ್ಬರು ಸುತ್ತೋಲೆ ತೆರೆದು ಕಲಂ ಒಂಬತ್ತರ ಮೇಲೆ ಬೆರಳಿಟ್ಟುಕೊಂಡರು. ಪಾಂಗ್ ಕೈ ಚಾಚಿದರೆ ಇಡೀ ಕಚೇರಿಯ ನಿರಾಕರಣೆಗಳು ರದ್ದು. ಪಾಂಗ್ ಹೆಂಡತಿಯತ್ತ ನೋಡಿದ. ಅವಳು ಚೀಲಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅವನಿಗೆ ಆ ಲಕೋಟೆಗಿಂತ ಹೆಚ್ಚಾಗಿ ಜಗತ್ತಿನಲ್ಲಿ ಇನ್ನೇನೂ ಬೇಕಿರಲಿಲ್ಲ. ಎದೆ ಬೇಕು ಎನ್ನುತ್ತಿತ್ತು, ಕಣ್ಣಲ್ಲಿ ನೀರು ಬಂತು, ಕೈಯನ್ನು ಮುಂದೆ ತರಲು ಅವನು ಭುಜದಿಂದ ಎಳೆದ. ಕೈ ಬರಲಿಲ್ಲ.

"ಬೇಡ" ಎಂದಿತು ನಾಲಿಗೆ.

ಚಪ್ಪಾಳೆ ಸೂರಿಗೆ ಮುಟ್ಟಿತು. ಸ್ವಂತ ವರ್ಗಾವಣೆಯನ್ನೇ ನಿರಾಕರಿಸಿದ ಅಧಿಕಾರಿಯನ್ನು ಪ್ರಾಂತ್ಯದಲ್ಲಿ ಯಾರೂ ಕಂಡಿರಲಿಲ್ಲ. ಪರಿಶೀಲಕರು ಇದಕ್ಕೆ ಐವತ್ತು ಅಂಕ ಕೊಟ್ಟರು. ಸಾಹೇಬರು ಲಕೋಟೆಯನ್ನು ವೇದಿಕೆಯ ಮೇಜಿನ ಮೇಲಿಟ್ಟು, ಅಭ್ಯಾಸದಂತೆ ಅದರ ಮೇಲೆ ಚಹಾದ ಲೋಟ ಇಟ್ಟರು.

ಲಾನ್‌ಯಿಂಗ್ ಎದ್ದಳು. ವೇದಿಕೆ ಹತ್ತಿ, ಕುರ್ಚಿಯಲ್ಲಿದ್ದ ತೊಡೆಯನ್ನು ಹೆಗಲಿಗೇರಿಸಿಕೊಂಡು ಅಡುಗೆಮನೆಗೆ ಹೋದಳು. ಅದು ದಾಖಲೆಯಲ್ಲಿರುವ ವಸ್ತು ಎಂದು ಯಾರೋ ನೆನಪಿಸಿದರು. ನಮ್ಮಪ್ಪನದು ಎಂದು ಒಳಗಿನಿಂದ ಉತ್ತರ ಬಂತು. ಅವಳು ಅಡುಗೆಯವನ ಕತ್ತಿ ಕಸಿದುಕೊಂಡು, ಒಂಬತ್ತು ಸಾವಿರ ಜೊತೆ ಕೈ ಮುಟ್ಟಿದ ಹೊರಪದರವನ್ನು ಕೆತ್ತಿ ಎಸೆದು, ಒಳಗಿನ ಕೆಂಪು ಮಾಂಸವನ್ನು ತೆಳ್ಳಗೆ ಹೆಚ್ಚಿ, ಕಲ್ಲುಸಕ್ಕರೆ ಉದುರಿಸಿ ಆವಿಯಲ್ಲಿಟ್ಟಳು. ಸಮಾರಂಭ ಮುಗಿದಿತ್ತು. ಆದರೆ ಆ ವಾಸನೆ ಬಂದ ಮೇಲೆ ಯಾರೂ ಕುರ್ಚಿ ಬಿಟ್ಟೇಳಲಿಲ್ಲ.

ಅರ್ಧ ಗಂಟೆಯ ಮೇಲೆ ತಟ್ಟೆ ಹಿಡಿದು ಬಂದು ಗಂಡನ ಮುಂದೆ ನಿಂತಳು. ಪಾಂಗ್‌ನ ಕೈ ಬೆನ್ನ ಹಿಂದೆ ಹೋಯಿತು. ಬೇಡವೆಂದ. ಮತ್ತೊಮ್ಮೆ ಬೇಡವೆಂದ. ಮೂರನೆಯದಕ್ಕೆ ಬಾಯಿ ತೆರೆದದ್ದೇ ತಡ, ಲಾನ್‌ಯಿಂಗ್ ಊಟದ ಕಡ್ಡಿಗಳಲ್ಲಿ ಒಂದು ತುಂಡನ್ನು ಎತ್ತಿ ಒಳಗೆ ತುರುಕಿದಳು.

"ಮುಚ್ಕೊಂಡು ತಿನ್ರೀ. ಮುಖ ನೋಡಿ, ಹೇಗಾಗಿದೆ. ಇಷ್ಟು ವರ್ಷ ಒಬ್ರನ್ನೇ ಬಿಟ್ಟಿದ್ದಕ್ಕೆ ಒಣಗಿ ಕಡ್ಡಿ ಆಗಿದ್ದೀರಿ."

ಪಾಂಗ್ ಅಗಿದ. ಬೈಗುಳ ಕಿವಿಗೂ ತೊಡೆ ಹೊಟ್ಟೆಗೂ ಇಳಿಯಿತು. ಅವನು ಎಲ್ಲರೆದುರಿಗೆ ಬಿಕ್ಕಿ ಬಿಕ್ಕಿ ಅತ್ತ, ಆದರೆ ಅಗಿಯುವುದನ್ನು ನಿಲ್ಲಿಸಲಿಲ್ಲ.

ಕುವಾಂಗ್ ಸಾಹೇಬರ ಮುಖ ಬಿಳುಚಿತು. ಒಂಬತ್ತು ಸಾವಿರದ ಆರುನೂರ ಹನ್ನೊಂದು ನಿರಾಕರಣೆಗಳು ಒಂದು ತುತ್ತಿಗೆ ರದ್ದಾಗುವುದರಲ್ಲಿದ್ದವು. ಮೂವರು ಪರಿಶೀಲಕರು ತಲೆಗೆ ತಲೆ ಕೂಡಿಸಿ ಸುತ್ತೋಲೆಯನ್ನು ಓದಿದರು, ತಟ್ಟೆಯನ್ನು ನೋಡಿದರು, ಮತ್ತೆ ಓದಿದರು. ಕೊನೆಗೆ ಹಿರಿಯರು ಗಂಟಲು ಸರಿಪಡಿಸಿಕೊಂಡು, ಕಲಂ ಒಂಬತ್ತು ಕೈಯಿಂದ ಪಡೆಯುವ ವಸ್ತುಗಳಿಗೆ ಮಾತ್ರ ಅನ್ವಯಿಸುತ್ತದೆ, ಸದರಿ ಪಾಂಗ್ ಅವರ ಎರಡೂ ಕೈಗಳು ಘಟನೆಯ ಉದ್ದಕ್ಕೂ ಬೆನ್ನ ಹಿಂದೆಯೇ ಇದ್ದವು, ಆದ್ದರಿಂದ ಕೈ ಸೋಕದೆ ನೇರವಾಗಿ ಬಾಯಿಗೆ ಹೋದದ್ದನ್ನು ಉಡುಗೊರೆಯೆಂದು ಪರಿಗಣಿಸುವಂತಿಲ್ಲ ಎಂದು ತೀರ್ಪಿತ್ತರು. ತೀರ್ಪು ಕೊಟ್ಟು ತಮ್ಮ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಾಯಿ ತೆರೆದರು. ಉಳಿದಿಬ್ಬರೂ ತೆರೆದರು. ಕುವಾಂಗ್ ಸಾಹೇಬರು ಎಲ್ಲರಿಗಿಂತ ಅಗಲವಾಗಿ ತೆರೆದರು. ಗೇಟಿನಲ್ಲಿ ಎಣ್ಣೆ ಕ್ಯಾನಿಗೆ ಕಾದಿದ್ದ ಗುಯಿಹುವಾ ಇಣುಕಿ ನೋಡಿ, ಕಡ್ಡಿ ತರಲು ಅಂಗಡಿಗೆ ಓಡಿದಳು.

ಲಾನ್‌ಯಿಂಗ್ ತೆರೆದ ಬಾಯಿಗಳ ಸಾಲನ್ನು ಒಮ್ಮೆ ನೋಡಿದಳು. ಅವಳ ಅಪ್ಪ ತೊಡೆಯನ್ನು ಅಳಿಯನಿಗೆಂದು ನೇತುಹಾಕಿದ್ದ. ಪರಿಶೀಲಕರಿಗೆ ಒಂದೊಂದು ತುಂಡು ಹಾಕಿ, ಉಳಿದದ್ದನ್ನು ಚೀಲಕ್ಕೆ ಸುರಿದುಕೊಂಡಳು. ಸಾಹೇಬರ ಬಾಯಿ ತೆರೆದೇ ಇತ್ತು. ಅವಳು ಲೋಟ ಸರಿಸಿ ಲಕೋಟೆಯಿಂದ ಆದೇಶ ತೆಗೆದು, ನಾಲ್ಕಾಗಿ ಮಡಚಿ, ಕಡ್ಡಿಯಲ್ಲಿ ಹಿಡಿದು ಗಂಡನ ಹಲ್ಲುಗಳ ನಡುವೆ ಇಟ್ಟಳು.

"ಕಚ್ಕೊಳಿ" ಎಂದಳು. "ಬೈಷಾ ಬರೋವರೆಗೂ ಬಾಯಿ ಬಿಡಬೇಡಿ."

ಪಾಂಗ್ ಆರು ಗಂಟೆ ಬಾಯಿ ಬಿಡಲಿಲ್ಲ. ಬಸ್ಸಿನಲ್ಲಿ ಪಕ್ಕದವನು ಕಡಲೆಕಾಯಿ ಚಾಚಿದ, ಮೊದಲ ಬಾರಿಗೆ ಅವನಿಗೆ ಬೇಡವೆನ್ನಲು ಆಗಲಿಲ್ಲ. ಲಾನ್‌ಯಿಂಗ್ ದಾರಿಯುದ್ದಕ್ಕೂ ಬೈದಳು, ಅವನು ದಾರಿಯುದ್ದಕ್ಕೂ ಕೇಳಿದ.

ಹೊಸ ಸ್ಪಷ್ಟೀಕರಣ ಫೋನಿನ ಮೂಲಕ ಬಸ್ಸಿಗಿಂತ ಮೊದಲೇ ಬೈಷಾ ತಲುಪಿತ್ತು. ಅಲ್ಲಿನ ತೂಕ ಮತ್ತು ಅಳತೆ ಕಚೇರಿಯ ಗುಮಾಸ್ತ ಪಾಂಗ್‌ನನ್ನೂ ಅವನ ಹಲ್ಲಿನಲ್ಲಿದ್ದ ಆದೇಶವನ್ನೂ ನೋಡಿ ಎದ್ದುನಿಂತು ನಮಸ್ಕರಿಸಿದ. ಕೈ ಚಾಚಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಕಣ್ಣು ಮುಚ್ಚಿ, ಬಾಯಿ ತೆರೆದ. ಲಾನ್‌ಯಿಂಗ್ ಕಡ್ಡಿಯಲ್ಲಿ ಆದೇಶವನ್ನು ಒಂದು ಬಾಯಿಯಿಂದ ಇನ್ನೊಂದಕ್ಕೆ ಸಾಗಿಸಿದಳು. ವರ್ಗಾವಣೆ ಆ ಕ್ಷಣದಿಂದಲೇ ಜಾರಿಗೆ ಬಂತು.